ಅನುಭವ ಇಲ್ಲದವರ ಅನುಭವ

ಕನ್ನಡ ವಿಮರ್ಶೆಯಲ್ಲಿ 'ಅನುಭವ' ಎಂಬ ಪದಕ್ಕೆ ದೊಡ್ಡ ಮರ್ಯಾದೆಯಿದೆ. ನವ್ಯರು ಬರಹಗಾರನಿಂದ ಅನುಭವದ ಪ್ರಾಮಾಣಿಕತೆಯನ್ನು ಬಯಸಿದರು. ಅದು ಯಾರ ಅನುಭವ ಎಂದು ಬಂಡಾಯದವರು ಮರುಪ್ರಶ್ನೆ ಹಾಕಿದರು. ಬನಶಂಕರಿ, ಜಯನಗರದ ಆಸ್ಪತ್ರೆಗಳಲ್ಲಿ ಕೆಲಸ ಕೇಳಲು ಹೋದವರಿಗೆ ಮಾತ್ರ ಈ ಪದಕ್ಕೆ ಇರುವುದು ಒಂದೇ ಅರ್ಥ: ಹಿಂದಿನ ಆಸ್ಪತ್ರೆ ಕೊಟ್ಟ ಸರ್ಟಿಫಿಕೇಟು. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ, ಫೈಲು ಹಿಡಿದು ಬಂದ ಹುಡುಗಿಯನ್ನು 'ಎಷ್ಟು ವರ್ಷದ ಅನುಭವವಮ್ಮಾ?' ಎಂದು ಕೇಳುತ್ತಾರೆ. ಕೆಲಸ ಸಿಗದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ. ಅವಳಿಗೆ ಪದವಿ ಕೊಟ್ಟ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಇರುವುದೂ ಇದೇ ಜಯನಗರದಲ್ಲಿ.

ಈ ಹುಡುಗಿ ನಮ್ಮ ಕಲೆಯಲ್ಲಿ ಎಲ್ಲಿದ್ದಾಳೆ? ಸಿನಿಮಾ ನರ್ಸನ್ನು ಕಂಡಿದೆ, ಆದರೆ ಅವಳ ಕೆಲಸವನ್ನು ಕಂಡಿಲ್ಲ. 1969ರ ಹಿಂದಿ ಚಿತ್ರ 'ಖಾಮೋಷಿ'ಯ ರಾಧಾ ರೋಗಿಗಳ ಮನಸ್ಸನ್ನು ಗುಣಪಡಿಸಲು ತನ್ನ ಮನಸ್ಸನ್ನೇ ಕಳೆದುಕೊಳ್ಳುತ್ತಾಳೆ. ವಹೀದಾ ರೆಹಮಾನ್ ಅವರ ಅಭಿನಯ ಇಂದಿಗೂ ಕಾಡುತ್ತದೆ. ಆದರೆ ಅಲ್ಲಿ ನರ್ಸ್ ಎಂದರೆ ತ್ಯಾಗ. ತ್ಯಾಗಕ್ಕೆ ಸಂಬಳದ ಚೀಟಿ ಇರುವುದಿಲ್ಲ.

ನರ್ಸ್‌ಗಳ ನಾಡಾದ ಕೇರಳದ ಸಿನಿಮಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಶಿಕ್ ಅಬು ನಿರ್ದೇಶನದ '22 ಫೀಮೇಲ್ ಕೋಟ್ಟಯಂ' (2012) ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಕೆನಡಾಕ್ಕೆ ಹೋಗಲು ಹೊರಟ ನರ್ಸ್ ಟೆಸ್ಸಾ, ವೀಸಾ ಏಜೆನ್ಸಿಯ ಬಾಗಿಲಲ್ಲೇ ಮೋಸದ ಬಲೆಗೆ ಬೀಳುತ್ತಾಳೆ. ಕೆಲಸ ಹುಡುಕುವವಳ ಅಸಹಾಯಕತೆಯೇ ಬೇಟೆಗಾರನ ಬಂಡವಾಳ ಎಂದು ಗುರುತಿಸಿದ್ದು ಚಿತ್ರದ ಹೆಚ್ಚುಗಾರಿಕೆ. ಆದರೆ ಕಥೆ ಬೇಗನೆ ಸೇಡಿನ ಹಾದಿ ಹಿಡಿಯುತ್ತದೆ. ವೃತ್ತಿಯ ವಿದ್ಯೆ ಆಯುಧವಾಗುತ್ತದೆ, ಬದುಕಿನ ದಾರಿಯಾಗುವುದಿಲ್ಲ.

ಮಹೇಶ್ ನಾರಾಯಣನ್ ಅವರ 'ಟೇಕ್ ಆಫ್' (2017) ಇದಕ್ಕಿಂತ ಗಟ್ಟಿ ಚಿತ್ರ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದ 46 ನರ್ಸ್‌ಗಳ ಪಾಡು ಇದಕ್ಕೆ ಆಧಾರ. ಪಾರ್ವತಿ ಅಭಿನಯಿಸಿದ ಸಮೀರಾ ಮುಸ್ಲಿಂ ಹೆಣ್ಣುಮಗಳು. ತವರಿನ ಸಾಲ, ದುಡಿಯುವ ಸೊಸೆಯನ್ನು ಒಪ್ಪದ ಗಂಡನ ಮನೆ, ವಿಚ್ಛೇದನ ಎಲ್ಲವನ್ನೂ ದಾಟಿ ಅವಳು ಯುದ್ಧದ ನೆಲಕ್ಕೆ ಹೋಗುತ್ತಾಳೆ. ಸ್ವಂತ ಊರಿನ ಸಂಬಳದಲ್ಲಿ ಸಾಲ ತೀರದು ಎಂಬ ಸತ್ಯವನ್ನು ಚಿತ್ರ ಹೇಳುತ್ತದೆ. ಆದರೆ ಹೇಳಿದಷ್ಟೇ ಬೇಗ ಬಿಟ್ಟುಬಿಡುತ್ತದೆ. ಉತ್ತರಾರ್ಧವನ್ನು ರಾಯಭಾರಿಯೂ ರಕ್ಷಣಾ ಕಾರ್ಯವೂ ಆಕ್ರಮಿಸುತ್ತವೆ. ಬಂದೂಕಿನಿಂದ ಅವಳು ಪಾರಾದಳು ಸರಿ, ಸಾಲದಿಂದ ಪಾರಾದಳೇ?

ಆ ಸಾಲದ ಲೆಕ್ಕ ಕಲೆಗೆ ಒಲ್ಲದ ವಸ್ತುವಾದರೂ ನ್ಯಾಯಾಲಯದ ಮುಂದೆ ಬಂತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಎಂದಿತು. ಜಾರಿಯ ಹೊಣೆ ರಾಜ್ಯಗಳ ಪಾಲಿಗೆ ಬಂತು. ಆದರೆ ಗಲ್ಲಿಯ ನರ್ಸಿಂಗ್ ಹೋಮಿಗೆ ಸೇರಿದ ಹೊಸಬಳು ಈ ಅಂಕಿ ಹಿಡಿದು ಜಗಳವಾಡಲಾರಳು. ಅವಳು ಅರ್ಧ ದುಡಿಯುವುದು ಸಂಬಳಕ್ಕೆ, ಇನ್ನರ್ಧ ಆ ಸರ್ಟಿಫಿಕೇಟಿಗೆ. ಅನುಭವವನ್ನೇ ಕೂಲಿಯಾಗಿ ಕೊಟ್ಟು ನಿಜವಾದ ಕೂಲಿಯನ್ನು ಉಳಿಸಿಕೊಳ್ಳುವ ವ್ಯಾಪಾರವಿದು.

ಪಳಗಿದ ಕೈ ಬೇಕೆಂದು ರೋಗಿಯ ಮನೆಯವರು ಬಯಸುವುದು ತಪ್ಪಲ್ಲ. ಆದರೆ ಓದುವಾಗಲೇ ವಾರ್ಡುಗಳಲ್ಲಿ ಅವಳು ಮಾಡಿದ ಡ್ಯೂಟಿ, ಕಟ್ಟಿದ ಬ್ಯಾಂಡೇಜು, ಎಣಿಸಿದ ನಾಡಿಗಳೆಲ್ಲ ಯಾವ ಖಾತೆಗೆ ಹೋದವು? ಅವಳಿಗೆ ಅನುಭವವಿಲ್ಲದೆ ಇಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರಿಲ್ಲ.

'ಸಿಸ್ಟರ್' ಎಂಬ ಕರೆಯಲ್ಲೂ ಒಂದು ಜಾಣತನವಿದೆ. ಸೇವೆ ಎಂದು ಹೊಗಳಿದ ಮೇಲೆ, ಅಕ್ಕ ಎಂದು ಕರೆದ ಮೇಲೆ, ಅವಳು ಸಂಬಳದ ಮಾತೆತ್ತಿದರೆ ಅದು ಒರಟಾಗಿ ಕೇಳಿಸುತ್ತದೆ.

ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರು ಹೊಸಿಲೊಳಗಿನ ಹೆಣ್ಣಿನ ಪರವಾಗಿ ಕನ್ನಡದಲ್ಲಿ ನ್ಯಾಯ ಕೇಳಿದರು. ಅವರ ನಂತರ ಬರೆಯುವ ನಾವು ಹೊಸಿಲು ದಾಟಿದವಳನ್ನು ಹಿಂಬಾಲಿಸಬೇಕು. ಯಾರಬ್ ನಗರದಿಂದಲೋ ಕನಕಪುರ ರಸ್ತೆಯ ಹಾಸ್ಟೆಲಿನಿಂದಲೋ ಹೊರಟು, ಒಂದೇ ದಿನ ಮೂರು ಇಂಟರ್‌ವ್ಯೂ ಮುಗಿಸಿ, ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಂತವಳ ಕಥೆಗೆ ಬಂದೂಕೂ ಬೇಡ, ಸೇಡೂ ಬೇಡ. 'ಅನುಭವ ಇಲ್ಲ' ಎಂಬ ಉತ್ತರವನ್ನು ಮೂರನೆಯ ಸಲ ಕೇಳಿದಾಗ ಅವಳೊಳಗೆ ಏನಾಯಿತು ಎಂದು ಬರೆದರೆ ಸಾಕು. ನವ್ಯರು ಬಯಸಿದ ಪ್ರಾಮಾಣಿಕತೆಗೂ ಬಂಡಾಯದವರು ಹಾಕಿದ ಪ್ರಶ್ನೆಗೂ ಅಲ್ಲಿ ಉತ್ತರವಿದೆ.