ಮೊದಲು ತರಗತಿ, ಆಮೇಲೆ ಸರ್ಟಿಫಿಕೇಟು

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪದವಿ ಹಿಡಿದು ಸಿರಿಗೇರಿಯಂಥ ಊರಿಗೆ ಮರಳಿದ ಹುಡುಗ ಹುಡುಗಿಯರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಬೆಂಗಳೂರಿಗೆ ಹೋಗು, ಇಂಗ್ಲಿಷ್ ಸುಧಾರಿಸಿಕೋ, ಕೋಡಿಂಗ್ ಕೋರ್ಸ್ ಮಾಡು, ಎಜುಟೆಕ್ (ಆನ್‌ಲೈನ್ ಶಿಕ್ಷಣ) ಕಂಪನಿಯಲ್ಲಿ ಕೆಲಸ ಸಿಗುತ್ತದೆ. ಈ ನಂಬಿಕೆ ಬಡ ಮನೆಗಳ ದುಡ್ಡನ್ನೂ ಮಕ್ಕಳ ವರ್ಷಗಳನ್ನೂ ನುಂಗುತ್ತಿದೆ. ಅದನ್ನು ಪ್ರಶ್ನಿಸಲೇಬೇಕು.

ಆ ಕೆಲಸ ಯಾವುದೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಈ ಕಂಪನಿಗಳು ಹೊಸ ಪದವೀಧರರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡವು. ಅವರಲ್ಲಿ ಅನೇಕರಿಗೆ ಸಿಕ್ಕಿದ್ದು 'ಬಿಸಿನೆಸ್ ಡೆವಲಪ್‌ಮೆಂಟ್ ಅಸೋಸಿಯೇಟ್' ಹುದ್ದೆ. ಅಂದರೆ ಪಾಲಕರಿಗೆ ಫೋನ್ ಮಾಡಿ ಕೋರ್ಸ್ ಮಾರುವುದು, ಟಾರ್ಗೆಟ್ ಮುಟ್ಟಿಸುವುದು. ಶಾಲೆಗಳು ತೆರೆದ ಮೇಲೆ ಬೇಡಿಕೆ ಕುಸಿಯಿತು. 2022ರಲ್ಲಿ 2,200 ಕೋಟಿ ಡಾಲರ್ ಬೆಲೆಬಾಳುತ್ತಿದ್ದ ಬೈಜೂಸ್ ಕಂಪನಿ, ಅದೇ ವರ್ಷದ ಅಕ್ಟೋಬರಿನಲ್ಲಿ ಸುಮಾರು 2,500 ಜನರನ್ನು ತೆಗೆಯುವುದಾಗಿ ಪ್ರಕಟಿಸಿತು. 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮಾರಾಟ ಗೌರವದ ಕೆಲಸವೇ. ಆದರೆ ಪಾಠ ಕಟ್ಟುವ ಆಸೆಯಿಂದ ಹೋದವರಿಗೆ ಅದನ್ನು ಶಿಕ್ಷಣದ ಕೆಲಸವೆಂದು ಹೇಳಿ ಕೊಡುವುದು ಮೋಸ.

ಇನ್ನು ಕೋಡಿಂಗ್. ಅದನ್ನು ಬಲ್ಲವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಕೊರತೆ ಇರುವುದು ಹಳ್ಳಿಯ ಮಕ್ಕಳ ಕಲಿಕೆಯನ್ನು ಬಲ್ಲವರದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಗಡಿಭಾಗದ ಮಗು ಭಿನ್ನರಾಶಿಯ ಲೆಕ್ಕದಲ್ಲಿ ಎಲ್ಲಿ ತಡವರಿಸುತ್ತದೆ? ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ತಪ್ಪಿಸಿದ ಹುಡುಗಿಗೆ ಬಿಟ್ಟುಹೋದ ಪಾಠ ಹೇಗೆ ತಲುಪಬೇಕು? ಮನೆಯ ಒಂದೇ ಮೊಬೈಲು ಅಪ್ಪನ ಜೊತೆ ಗದ್ದೆಗೆ ಹೋದರೆ ಆ್ಯಪ್ ಯಾರಿಗೆ? ಇದಕ್ಕೆ ಉತ್ತರ ಬಲ್ಲವರು ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಲ್ಲೇ ಇದ್ದಾರೆ. ತಮ್ಮ ಈ ತಿಳಿವಳಿಕೆಗೆ ಬೆಲೆಯಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಇಂಗ್ಲಿಷ್ ಬೇಕು; ಸಂದರ್ಶನ, ಇಮೇಲ್‌ಗಳು ಅದನ್ನು ಕೇಳುತ್ತವೆ. ಆದರೆ ಸಾವಿರಾರು ರೂಪಾಯಿಯ ಸರ್ಟಿಫಿಕೇಟಿಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ. ಎಂಟನೇ ತರಗತಿಯ ಗಣಿತದ ಒಂದು ಪಾಠ ಆರಿಸಿ, ಮೊಬೈಲಿನಲ್ಲೇ ಐದು ನಿಮಿಷದ ಕನ್ನಡ ವಿಡಿಯೊ ಮಾಡಿ, ಹತ್ತು ಪ್ರಶ್ನೆ ಬರೆಯಿರಿ. ಮುಖ್ಯಶಿಕ್ಷಕರ ಅನುಮತಿ ಪಡೆದು ಊರ ಶಾಲೆಯ ಮಕ್ಕಳಿಗೆ ತೋರಿಸಿ. ಯಾವ ಪ್ರಶ್ನೆಯಲ್ಲಿ ಮಕ್ಕಳು ಎಡವಿದರು, ನೀವೇನು ತಿದ್ದಿದಿರಿ ಎಂದು ಎರಡು ಪುಟ ಬರೆದಿಡಿ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕಥೆಯೊಂದನ್ನು ಕನ್ನಡಕ್ಕೆ ತಂದು ಹೆಸರು ಸಹಿತ ಪ್ರಕಟಿಸಬಹುದು, ಖರ್ಚಿಲ್ಲ. ಪಾಠ ರೂಪಿಸುವ ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಕೆಲಸ ಒಪ್ಪುವ ಮುನ್ನ ಕೇಳಿ: ಖಾತ್ರಿ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು, ಟಾರ್ಗೆಟ್ ಇದೆಯೇ? ಕೆಲಸ ಕೊಡಲು ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.