ಕುದುರೆಯ ಸದ್ದು ಕೇಳಿ ಕೋವಿ ಆರಿಸಿ

ಹಳೇ ಕೋವಿ ಕಂಡ ಕೂಡಲೇ ಹುಲಿಮುಖ ಹುಡುಕುವವರಿಗಾಗಿ ನಾನು ಬರೆಯುತ್ತಿಲ್ಲ. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕೋವಿಗಳ ಮೇಲೆ ಹುಲಿ ಇದೆ, ಹುಲಿಪಟ್ಟೆ ಇದೆ, ಬೆಳ್ಳಿಯೂ ಇದೆ. 1799ರ ಲೂಟಿಯಲ್ಲಿ ಹಡಗು ಹತ್ತಿದವು ಇವತ್ತಿಗೂ ಲಂಡನ್ನಿನ ಹರಾಜಿಗೆ ಬರುತ್ತವೆ. ನಮ್ಮವರು ಫೋಟೊ ನೋಡಿ ‘ಎಷ್ಟಕ್ಕೆ ಹೋಯಿತಂತೆ?’ ಎನ್ನುತ್ತಾರೆ. ಚಕಮಕಿ ಕಲ್ಲು ಕಚ್ಚಿಕೊಂಡು ಬಡಿಯುವ ಆ ಸುತ್ತಿಗೆ, ಅಂದರೆ ಕುದುರೆ, ನೇರ ಬೀಳುತ್ತದೆಯೇ ಎಂದು ಕೇಳಿದ ಒಬ್ಬರನ್ನೂ ಕಾಣೆ.

ಬಾಯಿಂದ ಮದ್ದು ತುಂಬುವ ಕೋವಿಯ ಜೀವ ಇರುವುದು ಕುದುರೆಯಲ್ಲಿ. ನನಗಿದು ತಿಳಿದದ್ದು ಗೋಪಾಲಸ್ವಾಮಿ ಬೆಟ್ಟದ ಬುಡದ ಹಂಗಳದಲ್ಲಿ, ದೊಡ್ಡಪ್ಪನ ಜಗಲಿಯ ಮೇಲೆ. ಹಂದಿ, ಆನೆ ಹೊಲಕ್ಕಿಳಿಯುವ ಊರು. ಬೆಳೆ ಕಾಯಲೆಂದು ಲೈಸೆನ್ಸಿನ ಒಂಟಿನಳಿಗೆ ಕೇಪಿನ ಕೋವಿ ಇಟ್ಟಿದ್ದರು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ತಂದವರೇ ಸಲಾಕೆ ಇಳಿಸಿ ನಳಿಗೆ ಖಾಲಿಯೆಂದು ಖಾತ್ರಿ ಮಾಡಿಕೊಂಡು, ಹೆಬ್ಬೆರಳಲ್ಲಿ ಕುದುರೆ ಎತ್ತುತ್ತಾ, “ಕಣ್ ಮುಚ್ಕೊ ಮಗ, ಎಷ್ಟ್ ಸಲ ಅಂತು ಹೇಳು” ಎನ್ನುತ್ತಿದ್ದರು. ಎರಡು ಸಲ. ಮೊದಲನೆಯದು ದಪ್ಪ ಸದ್ದು, ಎರಡನೆಯದು ಚುರುಕು. ಠಾಣೆಯಲ್ಲಿ ತೇವ ತಗುಲಿದ ವರ್ಷ ಎರಡನೆಯದು ಮಂಕಾಗಿತ್ತು. ದೊಡ್ಡಪ್ಪ ಊಟವನ್ನೂ ಮಾಡದೆ ಬಿಚ್ಚಲು ಕೂತರು.

ಕುದುರೆಯ ಬುಡಕ್ಕೆ ಒಳಗಡೆ ಒಂದು ಉಕ್ಕಿನ ಬಿಲ್ಲೆ, ಅದರಲ್ಲಿ ಎರಡು ಕಚ್ಚು. ಮೊದಲ ಕಚ್ಚು ಆಳ. ಕುದುರೆ ಅಲ್ಲಿ ನಿಂತಾಗಲೇ ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸುವುದು. ಆಗ ಟ್ರಿಗರ್ ಎಳೆದರೂ ಕುದುರೆ ಜಗ್ಗಕೂಡದು. ಎರಡನೇ ಕಚ್ಚಿನಿಂದ ಈಡು. ಅಂಚು ಸವೆದಿದ್ದರೆ ಸದ್ದು ಒಡೆದು ಬರುತ್ತದೆ, ಇಲ್ಲವೇ ಎರಡೂ ಬೆರೆತು ಒಂದಾಗುತ್ತದೆ. ಮೊದಲ ಕಚ್ಚಿನಿಂದಲೇ ಕುದುರೆ ಜಾರಿತೋ, ಮಾರುವವನು ಸೋದರಮಾವನಾದರೂ ಸರಿ, ಎದ್ದು ಬನ್ನಿ. ಆಮೇಲೆ ಕುದುರೆಯ ಮೂತಿ ನೋಡಿ. ಅದು ಕುಳಿಯಾಗಿರಬೇಕು, ಸಿಡಿದ ಕೇಪಿನ ತಾಮ್ರದ ಚೂರು ಕಣ್ಣಿಗೆ ಹಾರದಂತೆ ತಡೆಯುವುದು ಅದೇ. ಕೇಪು ಕೂರುವ ಗೂಟದ ನಟ್ಟನಡುವೆ ಬೀಳಬೇಕು. ಖಾಲಿ ಕೋವಿಯನ್ನು ಟಕಟಕ ಬಡಿದು ಶೌರ್ಯ ತೋರಿಸುವವರು ಕೆಡಿಸುವುದು ಈ ಗೂಟವನ್ನೇ. ನಡುವೆ ಚರ್ಮದ ತುಂಡಿಡಿ.

ನಳಿಗೆಯ ಮಾತು ಬೇಗ ಮುಗಿಸುತ್ತೇನೆ. ನಾಡಕೋವಿಗಳ ಒಳಮೈ ಬಹುಪಾಲು ನುಣುಪು, ಚರೆ ಹಾಕುವುದಕ್ಕೆ ಆದದ್ದು. ರೈಫಲ್ಲೇ ಬೇಕೆಂದರೆ ಒಳಗಿನ ಸುರುಳಿಗೆರೆ ನೋಡಿ. ಉಂಡೆ ಗುಂಡಿಗೆ ನಿಧಾನದ ಸುರುಳಿ ಒಪ್ಪುತ್ತದೆ, 60-66 ಅಂಗುಲಕ್ಕೆ ಒಂದು ಸುತ್ತು. 1853ರ ಎನ್‌ಫೀಲ್ಡಿಗೆ ಮೂರು ಗೆರೆ, 78 ಅಂಗುಲಕ್ಕೆ ಒಂದು ಸುತ್ತು. ಆ ಚೆಂದದ ರೈಫಲ್ ಬಗ್ಗೆ ನಮ್ಮ ಜನಕ್ಕೆ ಗೊತ್ತಿರುವುದು 1857ರ ದಂಗೆಯ, ತೋಟಾಕ್ಕೆ ಸವರಿದ ಕೊಬ್ಬಿನ ಕತೆ ಮಾತ್ರ! ಮರ, ಹಿತ್ತಾಳೆ, ಕೆತ್ತನೆ ನಿಮ್ಮಿಷ್ಟ.

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಹೋಗುವವರಿಗೆ ಒಂದು ಮಾತು. ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಪ್ರವಾಸಿಗರಿಗೆ ಕಾಯಿ ಒಡೆದರಾಯಿತು, ಚಪ್ಪಾಳೆ. ಪೂಜೆಯ ಸಾಲಿನಲ್ಲಿ ತಾತನ ಕಾಲದ ಕೇಪಿನ ಕೋವಿ ಏನಾದರೂ ಇದ್ದರೆ, ಮನೆಯ ಹಿರಿಯರನ್ನು ವಿನಯದಿಂದ ಕೇಳಿ. ಮುಟ್ಟಬೇಡಿ, ಅವರೇ ಎತ್ತಿ ಕೇಳಿಸಲಿ.

ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ. ನಿಮಗೂ ನನಗೂ ಇಲ್ಲ. ರಿಪೇರಿ ಮಾಡಿದರೂ ಈಡು ಹಾರದ ಹಳೇ ಕೋವಿಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಟ್ಟುಬಿಡುತ್ತದೆ. ಹಾರುವಂಥದ್ದಾದರೆ ಮುತ್ತಾತನದಾದರೂ ಲೈಸೆನ್ಸ್ ಬೇಕು.

ಅದೆಲ್ಲ ತಾಪತ್ರಯ ಬೇಡವೆನ್ನುವವರು ದಸರೆಗೆ ಮುಂಚೆ ಮೈಸೂರಿನ ಕುಶಾಲತೋಪಿನ ತಾಲೀಮಿಗೆ ಹೋಗಿ. ಅರಮನೆಯ ಫಿರಂಗಿಗಳಿಗೂ ಬಾಯಿಂದಲೇ ಮದ್ದು. ಸುತ್ತು ಸುತ್ತಿಗೂ ಮೊದಲು ಒದ್ದೆ ಕೋಲಾಡಿಸಿ ಒಳಗೆ ಉಳಿದ ಕಿಡಿ ಆರಿಸುತ್ತಾರೆ, ಆಮೇಲೆ ಮದ್ದು. ತಾಲೀಮಿಗೆ ತಂದ ದಸರೆಯ ಆನೆ ಬೆಚ್ಚುತ್ತದೆಯೇ ಎಂದು ಜನ ಆನೆಯ ಕಡೆಗೇ ಮೊಬೈಲ್ ಹಿಡಿದಿರುತ್ತಾರೆ. ನೀವು ಕೋಲು ಹಿಡಿದವನ ಕೈ ನೋಡಿ.