ಇತಿಹಾಸ ಬೋಧನೆಯಲ್ಲಿ ಡಿಜಿಟಲ್ ಸಾಧನಗಳು: ಭಾವೀ ಉಪಾಧ್ಯಾಯರ ದೃಷ್ಟಿಯಿಂದ ಒಂದು ವಿಮರ್ಶೆ

1

ಇತಿಹಾಸದ ಉಪಾಧ್ಯಾಯರಾಗಲು ಸಿದ್ಧರಾಗುತ್ತಿರುವ ತರುಣರಿಗೆ ಇಂದು ದೊರೆತಿರುವಷ್ಟು ಬೋಧನ ಸಾಧನಗಳು ಹಿಂದಿನ ಯಾವ ತಲೆಮಾರಿನವರಿಗೂ ದೊರೆತಿರಲಿಲ್ಲ. ಭೂಪಟ, ಕಾಲರೇಖೆ, ಶಾಸನಗಳ ಪ್ರತಿರೂಪ, ಅಚ್ಚಿನಲ್ಲಿಲ್ಲದ ಹಳೆಯ ಗ್ರಂಥಗಳ ಛಾಯಾಪ್ರತಿ, ರಸಪ್ರಶ್ನೆ, ಚಲಚ್ಚಿತ್ರ ಇವೆಲ್ಲವೂ ಒಂದು ಮೊಬೈಲ್ ಫೋನಿನಲ್ಲಿ ಅಡಕವಾಗಿವೆ. ಈ ಸಮೃದ್ಧಿಯನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಸಾಧನವು ಹೊಸತಾದಷ್ಟೂ ಬೋಧನೆಯು ಉತ್ತಮವಾಗುವುದೆಂದು ಒಂದು ಪಕ್ಷದವರು ಹೇಳುವರು. ಕರಿಹಲಗೆಯನ್ನೂ ಉಪಾಧ್ಯಾಯರ ವಾಣಿಯನ್ನೂ ಬಿಟ್ಟು ಮಿಕ್ಕುದೆಲ್ಲವೂ ಆಡಂಬರವೆಂದು ಇನ್ನೊಂದು ಪಕ್ಷದವರು ಹೇಳುವರು. ಇವೆರಡೂ ಸಾಧನದ ಕಡೆಯಿಂದ ಹೊರಟ ವಾದಗಳು. ಬೋಧಿಸಬೇಕಾದ ಶಾಸ್ತ್ರದ ಕಡೆಯಿಂದ ಹೊರಟವುಗಳಲ್ಲ. ಇತಿಹಾಸಶಾಸ್ತ್ರದ ಸ್ವಭಾವದಿಂದಲೇ ಹೊರಟು ಈ ಸಾಧನಗಳ ಬೆಲೆಯನ್ನು ಕಟ್ಟಲು ಸಾಧ್ಯವೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಇತಿಹಾಸವೆಂಬುದು ಹೇಳಿಕೆಗಳ ಸಂಗ್ರಹವಲ್ಲ. ಹೇಳಿಕೆಯಿಂದ ಅದರ ಆಧಾರಕ್ಕೆ ಹಿಂದಿರುಗಿ ಹೋಗುವ ದಾರಿ. ಆ ದಾರಿಯನ್ನು ವಿದ್ಯಾರ್ಥಿಗೆ ತೆರೆಯುವ ಸಾಧನವು ಎಷ್ಟು ಸರಳವಾಗಿದ್ದರೂ ಗ್ರಾಹ್ಯ. ಆ ದಾರಿಯನ್ನು ಮುಚ್ಚಿ ಹೇಳಿಕೆಯನ್ನೇ ಅಂದಗೊಳಿಸಿ ಒಪ್ಪಿಸುವ ಸಾಧನವು ಎಷ್ಟು ಮನೋಹರವಾಗಿದ್ದರೂ ಇತಿಹಾಸ ಬೋಧನೆಯ ದೃಷ್ಟಿಯಿಂದ ಅಲ್ಪಪ್ರಯೋಜಕ.

2

ಯಂತ್ರದಿಂದ ತರಗತಿಯು ಉದ್ಧಾರವಾಗುವುದೆಂಬ ನಿರೀಕ್ಷೆ ಹೊಸದೇನೂ ಅಲ್ಲ. ಶಾಲೆಗಳಲ್ಲಿ ಪುಸ್ತಕಗಳ ಕಾಲವು ಬೇಗನೆ ಮುಗಿದು ಅವುಗಳ ಸ್ಥಾನಕ್ಕೆ ಚಲಚ್ಚಿತ್ರವು ಬರುವುದೆಂದು ಥಾಮಸ್ ಎಡಿಸನ್ನರು 1913ರಲ್ಲಿಯೇ ಭವಿಷ್ಯ ನುಡಿದಿದ್ದರು. ಭಾರತದಲ್ಲಿ 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣದ ಪ್ರಯೋಗವೊಂದು ನಡೆಯಿತು. ಆರು ರಾಜ್ಯಗಳ ಸುಮಾರು 2400 ಗ್ರಾಮಗಳನ್ನು ಅದು ಮುಟ್ಟಿತು. ಕರ್ನಾಟಕವೂ ಆ ಆರರಲ್ಲಿ ಒಂದಾಗಿತ್ತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಲಾಯಿತು. 2017ರ ಸೆಪ್ಟೆಂಬರ್ 5ರಂದು ದೀಕ್ಷಾ ಎಂಬ ರಾಷ್ಟ್ರೀಯ ವೇದಿಕೆಯು ಉದ್ಘಾಟಿತವಾಯಿತು. 2020ರಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದುವು. ಆದರೂ ಅದೇ ವರ್ಷ ವಿದ್ಯಾಗಮವೆಂಬ ಯೋಜನೆಯನ್ನು ಹೂಡಿ, ಉಪಾಧ್ಯಾಯರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಹೇಳುವ ಏರ್ಪಾಡನ್ನು ನಮ್ಮ ರಾಜ್ಯವು ಮಾಡಬೇಕಾಯಿತು.

ಈ ಚರಿತ್ರೆಯಿಂದ ಸಾಧನಗಳೆಲ್ಲವೂ ವಿಫಲವಾದುವೆಂಬ ಸಿದ್ಧಾಂತವನ್ನು ತೆಗೆಯುವುದು ಆತುರವಾದೀತು. ತೆಗೆಯಬಹುದಾದ ಪಾಠ ಬೇರೆ. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ನರು 1986ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಲಚ್ಚಿತ್ರ, ರೇಡಿಯೋ, ದೂರದರ್ಶನಗಳು ತರಗತಿಯನ್ನು ಪ್ರವೇಶಿಸಿದ ಬಗೆಯನ್ನು ವಿವೇಚಿಸಿರುವರು. ಉಪಾಧ್ಯಾಯರ ದಿನನಿತ್ಯದ ಕೆಲಸದ ಇಕ್ಕಟ್ಟುಗಳನ್ನು ಗಮನಿಸದೆ ಹೊರಗಿನಿಂದ ಹೇರಿದ ಯಂತ್ರವು ತರಗತಿಯ ಅಂಚಿನಲ್ಲಿಯೇ ಉಳಿಯುವುದೆಂಬುದು ಅವರ ವಿವೇಚನೆಯ ತಿರುಳು. ಸಾಧನವನ್ನು ಆರಿಸುವ ಅಧಿಕಾರವೂ ವಿವೇಕವೂ ಉಪಾಧ್ಯಾಯರಲ್ಲಿಯೇ ಇರಬೇಕೆಂಬುದು ಇದರಿಂದ ಫಲಿಸುವುದು. ಆದುದರಿಂದಲೇ ಭಾವೀ ಉಪಾಧ್ಯಾಯರ ತರಬೇತಿಯ ಪ್ರಶ್ನೆಯು ಮುಖ್ಯವಾಗುತ್ತದೆ.

3

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಗಳಿಗೆ ವಿಸ್ತರಿಸಿತು. ಅದರೊಡನೆ ಬಂದ ಪಠ್ಯಕ್ರಮದ ಚೌಕಟ್ಟಿನಲ್ಲಿ ವೃತ್ತಿಸಾಮರ್ಥ್ಯವನ್ನು ಹೆಚ್ಚಿಸುವ ನಾಲ್ಕು ಪತ್ರಿಕೆಗಳಿದ್ದುವು. ಮೊದಲನೆಯದು ಪಠ್ಯಗಳನ್ನು ಓದಿ ಚಿಂತಿಸುವುದು. ಮೂರನೆಯದು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆ. ಇಲ್ಲಿ 'ವಿಮರ್ಶಾತ್ಮಕ' ಎಂಬ ವಿಶೇಷಣವನ್ನು ವಾಚಕರು ಗಮನಿಸಬೇಕು. ಸಾಧನವನ್ನು ನಡೆಸಲು ಕಲಿತರೆ ಸಾಲದು, ಅದನ್ನು ತೂಗಿ ನೋಡಲು ಕಲಿಯಬೇಕೆಂಬ ಆಶಯವು ಆ ಹೆಸರಿನಲ್ಲಿಯೇ ಇದೆ.

ಆದರೆ ಓದುವ ವಿದ್ಯೆಯೂ ಸಾಧನದ ವಿದ್ಯೆಯೂ ಬೇರೆ ಬೇರೆ ಪತ್ರಿಕೆಗಳಲ್ಲಿ ನೆಲೆಗೊಂಡಾಗ, ಎರಡನೆಯದು ಬರಿಯ ಕೈಚಳಕವಾಗಿ ಇಳಿಯುವ ಅಪಾಯವುಂಟು. ಪ್ರಶಿಕ್ಷಣಾರ್ಥಿಯು ಚಿತ್ರಪುಟಗಳನ್ನು ಜೋಡಿಸಲು ಕಲಿಯುವನು, ರಸಪ್ರಶ್ನೆಯನ್ನು ರಚಿಸಲು ಕಲಿಯುವನು. ಆದರೆ ಆ ಪುಟದ ಮೇಲಿನ ವಾಕ್ಯವು ಎಲ್ಲಿಂದ ಬಂದಿತೆಂದು ಕೇಳುವ ಅಭ್ಯಾಸವು ಆ ಪತ್ರಿಕೆಯ ಹೊರಗೇ ಉಳಿಯುವುದು. ಲೀ ಶುಲ್ಮನ್ನರು 1986ರಲ್ಲಿ ವಿಷಯಜ್ಞಾನವೂ ಬೋಧನಜ್ಞಾನವೂ ಕೂಡಿ ಹುಟ್ಟುವ ವಿಶಿಷ್ಟ ಜ್ಞಾನವೊಂದು ಉಪಾಧ್ಯಾಯರಿಗೆ ಬೇಕೆಂದು ಪ್ರತಿಪಾದಿಸಿದರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಇದಕ್ಕೆ ತಂತ್ರಜ್ಞಾನವನ್ನೂ ಸೇರಿಸಿ, ಈ ಮೂರೂ ಒಂದನ್ನೊಂದು ಬಿಟ್ಟಿರಲಾರವೆಂದು ತೋರಿಸಿದರು. ಗಣಿತಕ್ಕೆ ಒಪ್ಪುವ ಸಾಧನವು ಇತಿಹಾಸಕ್ಕೂ ಒಪ್ಪಬೇಕೆಂಬ ನಿಯಮವಿಲ್ಲ. ಪ್ರತಿಯೊಂದು ಶಾಸ್ತ್ರವೂ ತನ್ನ ಪ್ರಶ್ನೆಯನ್ನು ತಾನೇ ಸಾಧನದ ಮುಂದಿಡಬೇಕು.

4

ಈ ಮಾತನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸುವೆವು. ಬೆಂಗಳೂರು ಎಂಬ ಹೆಸರು ಹೇಗೆ ಬಂದಿತು? ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಳಲಿ ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟು ಉಪಚರಿಸಿದಳೆಂದೂ, ಅದರಿಂದ ಆ ಸ್ಥಳಕ್ಕೆ 'ಬೆಂದಕಾಳೂರು' ಎಂದು ಹೆಸರಾಯಿತೆಂದೂ ಹೇಳುವ ಕಥೆಯನ್ನು ನಮ್ಮ ನಾಡಿನ ಮಕ್ಕಳೆಲ್ಲರೂ ಕೇಳಿರುತ್ತಾರೆ. ವೀರಬಲ್ಲಾಳನ ಆಳ್ವಿಕೆಯು ಸುಮಾರು 1173ರಲ್ಲಿ ಆರಂಭವಾಯಿತು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ವೀರಗಲ್ಲಿನ ಶಾಸನವಾದರೋ ಬೆಂಗುಳೂರಿನ ಕಾಳಗದಲ್ಲಿ ನಾಗತ್ತರನ ಮಗನಾದ ಬುಟ್ಟಣಸೆಟ್ಟಿಯು ಮಡಿದುದನ್ನು ತಿಳಿಸುತ್ತದೆ. ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಈ ಶಾಸನವನ್ನು ವಿದ್ವಾಂಸರು ಕ್ರಿ.ಶ. ಸುಮಾರು 890ಕ್ಕೆ ಸೇರಿಸುವರು. ಎಂದರೆ, ಬಲ್ಲಾಳನು ಪಟ್ಟಕ್ಕೆ ಬರುವುದಕ್ಕೆ ಸುಮಾರು 280 ವರ್ಷಗಳ ಮೊದಲೇ ಆ ಹೆಸರು ಕಲ್ಲಿನ ಮೇಲಿತ್ತು.

ಈ ವಿಷಯವನ್ನು ಬೋಧಿಸಹೊರಟ ಇಬ್ಬರು ಪ್ರಶಿಕ್ಷಣಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವನು ರಾಜ, ಕಾಡು, ಮುದುಕಿ, ಮಡಕೆ ಇವುಗಳ ಬಣ್ಣದ ಚಿತ್ರಗಳನ್ನು ತೆರೆಯ ಮೇಲೆ ಓಡಿಸಿ, ಕೊನೆಯಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ ರಸಪ್ರಶ್ನೆಯನ್ನು ನಡೆಸುವನು. ಮಕ್ಕಳು ನಲಿಯುವರು, ಉತ್ತರವನ್ನೂ ಕೊಡುವರು. ಆದರೆ ಕಥೆಯು ಕಥೆಯಾಗಿಯೇ, ಹಿಂದಿಗಿಂತ ಗಟ್ಟಿಯಾಗಿ, ಮನಸ್ಸಿನಲ್ಲಿ ನಿಲ್ಲುವುದು. ಎರಡನೆಯವನು ಮೊದಲು, ಈ ಕಥೆಯನ್ನು ನಿಮಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಬರೆಯಿಸುವನು. ಬಳಿಕ ಶಾಸನದ ಚಿತ್ರವನ್ನು ತೋರಿಸುವನು. ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಪ್ರತಿರೂಪಿಸಿ ಸಾರ್ವಜನಿಕರಿಗೆ ಒದಗಿಸುವ ಕಾರ್ಯವನ್ನು ಮಿಥಿಕ್ ಸೊಸೈಟಿಯು ಕೈಕೊಂಡಿದೆ. ಇಂತಹ ಪ್ರತಿರೂಪದಲ್ಲಿ ಬೆಳಕಿನ ದಿಕ್ಕನ್ನು ಬದಲಿಸಿದಾಗ, ಸವೆದ ಕಲ್ಲಿನ ಮೇಲೆ ಬರಿಗಣ್ಣಿಗೆ ತೋರದ ಅಕ್ಷರವು ಎದ್ದು ಕಾಣಬಹುದು. ಇಲ್ಲಿ ಸಾಧನವು ಪುಸ್ತಕಕ್ಕೆ ಸಾಧ್ಯವಿಲ್ಲದ ಕೆಲಸವನ್ನು ಮಾಡಿತು. ಆಧಾರವನ್ನೇ ಮಗುವಿನ ಕಣ್ಣಿನ ಮುಂದೆ ತಂದಿತು.

ಪಾಠವು ಅಲ್ಲಿಗೆ ಮುಗಿಯಬಾರದು. ಶಾಸನವು ಏನನ್ನು ಹೇಳುವುದಿಲ್ಲ ಎಂಬುದನ್ನೂ ಕೇಳಬೇಕು. ಅದು ಹೆಸರಿನ ಅರ್ಥವನ್ನು ಹೇಳುವುದಿಲ್ಲ. ಆ ಬೆಂಗುಳೂರು 1537ರಲ್ಲಿ ಕೆಂಪೇಗೌಡನು ಕೋಟೆ ಕಟ್ಟಿಸಿದನೆಂದು ನಾವು ಓದುವ ಸ್ಥಳವೇ ಎಂಬುದನ್ನೂ ಹೇಳುವುದಿಲ್ಲ. ಅಂತೆಯೇ ಬೆಂದ ಕಾಳಿನ ಕಥೆಯನ್ನು ಸುಳ್ಳೆಂದು ಎಸೆದುಬಿಡುವುದೂ ಸರಿಯಲ್ಲ. ಹೆಸರುಗಳನ್ನು ಜನರು ಹೇಗೆ ವಿವರಿಸಿಕೊಂಡರೆಂಬುದಕ್ಕೆ ಅದೂ ಒಂದು ಆಧಾರವೇ. ಯಾವ ಪ್ರಶ್ನೆಗೆ ಯಾವುದು ಆಧಾರ ಎಂಬ ವಿವೇಕವೇ ಇತಿಹಾಸದ ಪಾಠ.

5

ಮೂಲವನ್ನು ಬಲ್ಲವರಿಗೆ ಸಾಧನದ ವಿದ್ಯೆಯು ತಾನಾಗಿಯೇ ಬರುವುದಲ್ಲವೆ ಎಂದು ಇಲ್ಲಿ ಕೆಲವರು ಕೇಳಬಹುದು. ಬಾರದೆಂಬುದಕ್ಕೆ ಪ್ರಬಲವಾದ ಸಾಕ್ಷ್ಯವುಂಟು. ಸ್ಯಾಮ್ ವೈನ್‌ಬರ್ಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ಮಂದಿ ಇತಿಹಾಸಜ್ಞರಿಗೂ 8 ಮಂದಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಒಂದೇ ದಾಖಲೆಗಳನ್ನು ಓದಲು ಕೊಟ್ಟರು. ಇತಿಹಾಸಜ್ಞರು ದಾಖಲೆಯನ್ನು ಯಾರು, ಎಂದು ಬರೆದರೆಂದು ಮೊದಲು ನೋಡಿದರು. ವಿದ್ಯಾರ್ಥಿಗಳಲ್ಲಿ ಆ ಅಭ್ಯಾಸವು ವಿರಳವಾಗಿತ್ತು. ಅದೇ ವೈನ್‌ಬರ್ಗರು ಸಾರಾ ಮೆಕ್‌ಗ್ರೂ ಅವರೊಡನೆ 2017ರಲ್ಲಿ ಅಂತರಜಾಲದ ಓದನ್ನು ಪರೀಕ್ಷಿಸಿದರು. 10 ಮಂದಿ ಇತಿಹಾಸಜ್ಞರು, 10 ಮಂದಿ ಪತ್ರಿಕಾರಂಗದ ಸತ್ಯಪರಿಶೀಲಕರು ಮತ್ತು 25 ಮಂದಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸಿದರು. ಇತಿಹಾಸಜ್ಞರೂ ವಿದ್ಯಾರ್ಥಿಗಳೂ ಅನೇಕ ವೇಳೆ ಜಾಲಪುಟದ ಗಂಭೀರವಾದ ತೋರಿಕೆಗೆ ಮಾರುಹೋದರು. ಪರಿಶೀಲಕರಾದರೋ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಅದನ್ನು ನಡೆಸುವವರು ಯಾರೆಂದು ಬೇರೆಡೆಗಳಲ್ಲಿ ಹುಡುಕಿ, ಬೇಗನೆ ಸರಿಯಾದ ತೀರ್ಮಾನಕ್ಕೆ ಬಂದರು.

ಇತಿಹಾಸವನ್ನು ವೃತ್ತಿಯಾಗಿ ಕೈಕೊಂಡ ನಮ್ಮಂಥವರು ಗಂಭೀರವಾಗಿ ಯೋಚಿಸಬೇಕಾದ ಸಂಗತಿ ಇದು. ಹಳೆಯ ಓಲೆಯ ಮುಂದೆ ಎಚ್ಚರದಿಂದಿರುವ ವಿದ್ವಾಂಸನು ಹೊಸ ತೆರೆಯ ಮುಂದೆ ಎಚ್ಚರ ತಪ್ಪಬಹುದು. ಆದರೂ ಬೇಕಾದ ಎಚ್ಚರವು ನಮ್ಮ ಪರಂಪರೆಗೆ ಅಪರಿಚಿತವಲ್ಲ. ಗ್ರಂಥಸಂಪಾದಕರು, ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳನ್ನು ಹತ್ತು ಸಾಕ್ಷಿಗಳೆಂದು ಎಣಿಸುವುದಿಲ್ಲ. ಬೆಂದ ಕಾಳಿನ ಕಥೆಯು ನೂರು ಜಾಲಪುಟಗಳಲ್ಲಿ ದೊರೆತರೂ ಅವು ಒಂದನ್ನೊಂದು ನೋಡಿ ಬರೆದುವಾದರೆ ಸಾಕ್ಷಿಯು ಒಂದೇ. ಈ ಸೂತ್ರವನ್ನು ತೆರೆಗೆ ಅನ್ವಯಿಸಲು ಕಲಿಸುವುದೇ ಸಾಧನದ ವಿಮರ್ಶಾತ್ಮಕ ತಿಳಿವಳಿಕೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಸಾರ್ವಜನಿಕರ ಬಳಕೆಗೆ ಬಂದ ಮೇಲೆ ಇದರ ಅಗತ್ಯವು ಇಮ್ಮಡಿಯಾಗಿದೆ. ಜಾಲಪುಟಕ್ಕೆ ಒಬ್ಬ ಕರ್ತೃವಾದರೂ ಇರುವನು. ಈ ಉತ್ತರಯಂತ್ರಗಳು ಅನೇಕ ಮೂಲಗಳನ್ನು ಅರೆದು ಕರ್ತೃವಿಲ್ಲದ ಸುಲಲಿತವಾದ ಗದ್ಯವನ್ನು ಕೊಡುವುವು. ಇಲ್ಲದ ಗ್ರಂಥವನ್ನು ಆಧಾರವೆಂದು ಹೆಸರಿಸುವ ದೋಷವೂ ಇವುಗಳಲ್ಲಿ ಕಂಡುಬಂದಿದೆ. ಇವನ್ನು ನಿಷೇಧಿಸಿ ಫಲವಿಲ್ಲ. ಯಂತ್ರವು ಕೊಟ್ಟ ಒಂದು ಪುಟದ ಉತ್ತರವನ್ನು ತರಗತಿಯಲ್ಲಿ ಹಂಚಿ, ಪ್ರತಿಯೊಂದು ವಾಕ್ಯಕ್ಕೂ ಆಧಾರವನ್ನು ಹುಡುಕಿಸಿದರೆ ಅದೂ ಒಂದು ಒಳ್ಳೆಯ ಪಾಠವಾಗಬಲ್ಲದು. ಹುಡುಕಲು ನೆಲೆಗಳೂ ಇವೆ: 1886ರಲ್ಲಿ ಬಿ. ಎಲ್. ರೈಸರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು ಇಂದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಓದಲು ದೊರೆಯುವುವು.

6

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ಇಷ್ಟಕ್ಕೆಲ್ಲ ತರಗತಿಯಲ್ಲಿ ಸಮಯವೆಲ್ಲಿ? ಪಾಠಗಳು ಅನೇಕ, ಪರೀಕ್ಷೆಯು ಕೇಳುವುದು ಇಸವಿಗಳನ್ನು. ಆಕ್ಷೇಪವು ನ್ಯಾಯವಾದುದೇ. ಪ್ರತಿಯೊಂದು ಪಾಠವನ್ನೂ ಹೀಗೆ ನಡೆಸಬೇಕೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಪಾಠಗಳಲ್ಲಿ ಮೂಲಕ್ಕೆ ಹೋಗಿ ಬಂದ ವಿದ್ಯಾರ್ಥಿಯು ಮಿಕ್ಕ ಪಾಠಗಳ ಹಿಂದೆಯೂ ಅಂತಹ ಮೂಲವಿದೆಯೆಂದು ತಿಳಿದಿರುವನು. ಎರಡು, ಎಲ್ಲ ಶಾಲೆಗಳಲ್ಲಿಯೂ ಯಂತ್ರಗಳಿಲ್ಲ. ಇದಕ್ಕೆ ಉತ್ತರವು ಮೇಲಿನ ನಿದರ್ಶನದಲ್ಲಿಯೇ ಇದೆ. ಉಪಾಧ್ಯಾಯರ ಒಂದು ಫೋನೂ ಶಾಸನದ ಚಿತ್ರದ ಕೆಲವು ಮುದ್ರಿತ ಪ್ರತಿಗಳೂ ಇದ್ದರೆ ಎರಡನೆಯವನ ಪಾಠವು ನಡೆಯುವುದು. ಮೊದಲನೆಯವನ ಪಾಠಕ್ಕೇ ಹೆಚ್ಚು ಯಂತ್ರಗಳು ಬೇಕು.

ಅಧ್ಯಾಪಕ ತರಬೇತಿಯ ಸಂಸ್ಥೆಗಳಿಗೆ ನಮ್ಮ ಸೂಚನೆಯು ಇಷ್ಟೆ. ಓದುವ ಪತ್ರಿಕೆಯನ್ನೂ ತಂತ್ರಜ್ಞಾನದ ಪತ್ರಿಕೆಯನ್ನೂ ಇತಿಹಾಸದ ಪ್ರಶಿಕ್ಷಣಾರ್ಥಿಗಳಿಗಾದರೂ ಜೊತೆಯಾಗಿ ಬೋಧಿಸಬೇಕು. ಬೋಧನಾಭ್ಯಾಸದ ಕಾಲದಲ್ಲಿ, ಎಷ್ಟು ಸಾಧನಗಳನ್ನು ಬಳಸಿದನೆಂದು ಎಣಿಸುವುದಕ್ಕೆ ಬದಲು, ಒಂದು ಹೇಳಿಕೆಯನ್ನಾದರೂ ಮಕ್ಕಳೊಡನೆ ಅದರ ಆಧಾರದವರೆಗೆ ಹಿಂಬಾಲಿಸಿದನೇ ಎಂದು ನೋಡಬೇಕು. ತೀರ್ಪಿನ ಅಳತೆಯು ಬದಲಾದರೆ ಅಭ್ಯಾಸವೂ ಬದಲಾಗುವುದು.

ಇಂದಿನ ಪ್ರಶಿಕ್ಷಣಾರ್ಥಿಯು ಮುಂದೆ ಮೂವತ್ತು ವರ್ಷಗಳ ಕಾಲ ಪಾಠ ಹೇಳುವನು. ಇಂದು ಅವನು ಕಲಿತ ಸಾಧನಗಳಲ್ಲಿ ಬಹುಪಾಲು ಅಷ್ಟರೊಳಗೆ ಕಣ್ಮರೆಯಾಗುವುವು. ಹೆಸರು ಕೇಳದ ಹೊಸವು ಬರುವುವು. ಅವನ ಬಳಿ ಉಳಿಯಬೇಕಾದುದು ಒಂದು ಪ್ರಶ್ನೆ: ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು? ಆ ಪ್ರಶ್ನೆಯನ್ನು ಕೇಳಲು ಬಲ್ಲ ಉಪಾಧ್ಯಾಯರ ಕೈಯಲ್ಲಿ ಯಾವ ಯಂತ್ರವೂ ಅಪಾಯಕರವಲ್ಲ. ಕೇಳಲರಿಯದವರ ಕೈಯಲ್ಲಿ ಸುಣ್ಣದ ಕಡ್ಡಿಯೂ ನಿರಪಾಯಕರವಲ್ಲ.